ಮಾಸು ತೆರೆಯುವ ತೂಬು: ಬಸುರಿಯ ಬಿಪಿ ಏಳನೇ ತಿಂಗಳಲ್ಲಿ ಶುರುವಾಗುವುದಲ್ಲ

ನಮ್ಮ ಚಿಕ್ಕಮ್ಮನ ಮಗಳಿಗೆ ಸೀಮಂತ ಮಾಡಿದ್ದು ಏಳನೇ ತಿಂಗಳಲ್ಲಿ, ಮದ್ದೂರಿನ ಹತ್ತಿರದ ಊರಿನಲ್ಲಿ. ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿದ್ದರು. ಹತ್ತು ದಿನ ಕಳೆಯುವುದರೊಳಗೆ ಆ ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡವು. ಕಾಲು ಆಗಲೇ ಊದಿತ್ತು. "ಬಸುರಿ ಅಂದಮೇಲೆ ಕಾಲು ಊದದೆ ಇರುತ್ತಾ" ಅಂತ ಮನೆಯಲ್ಲಿ ಎಲ್ಲರೂ ಸಮಾಧಾನ ಮಾಡಿಕೊಂಡಿದ್ದರು. ಆಮೇಲೆ ಮುಖ ಊದಿತು. ತಲೆನೋವು ಬಂತು. ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಆಗುತ್ತದೆ ಅಂದಳು. ಉಪಕೇಂದ್ರದ ನರ್ಸ್ ಬಿಪಿ ನೋಡಿದಾಗ 160/110 ಇತ್ತು.

ಅಲ್ಲಿಂದ ಮಂಡ್ಯ, ಮಂಡ್ಯದಿಂದ ಮೈಸೂರು. 33ನೇ ವಾರಕ್ಕೇ ಹೆರಿಗೆ ಮಾಡಿಸಬೇಕಾಯಿತು. ಒಂದೂವರೆ ಕೆ.ಜಿ. ಮಗು. ತಾಯಿ, ಮಗು ಇಬ್ಬರೂ ಉಳಿದರು.

ವಾರ್ಡಿನ ಹೊರಗೆ ಕೂತಿದ್ದ ನಮ್ಮ ಮನೆಯವರ ಪ್ರಶ್ನೆಗಳೆಲ್ಲ ಹಿಂದಿನ ಹದಿನೈದು ದಿನಗಳ ಬಗ್ಗೆಯೇ ಇದ್ದವು. ಸೀಮಂತದ ದಿನ ಏನು ತಿಂದಳು? ಉಪ್ಪು ಜಾಸ್ತಿ ಆಯಿತಾ? ಯಾರ ದೃಷ್ಟಿ ಬಿತ್ತು? ಡಾಕ್ಟರ್ ಹೇಳಿದ್ದು ಬೇರೆ ಮಾತು. "ಮಾಸು ಮೊದಲಿಂದಲೇ ಸರಿಯಾಗಿ ಬೇರು ಬಿಟ್ಟಿಲ್ಲಮ್ಮ." ಮೊದಲಿಂದ ಅಂದರೆ ಯಾವಾಗಿಂದ? ಮೂರನೇ, ನಾಲ್ಕನೇ ತಿಂಗಳಿಂದ. ಆಗ ಅವಳು ಗೆಲುವಾಗಿಯೇ ಇದ್ದಳು.

ಆ ಒಂದು ಮಾತಿನ ಹಿಂದೆ ಏನಿದೆ ಅಂತ ಹುಡುಕಿಕೊಂಡು ಹೋಗಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಮಾಸು ಅಂದರೆ ನಮಗೆ ಹೆರಿಗೆ ಆದಮೇಲೆ ಬೀಳುವ ವಸ್ತು. ನಮ್ಮ ಕಡೆ ಅದನ್ನು ಕಸ ಅಂತಲೂ ಕರೆಯುತ್ತಾರೆ. ಹಿಂದೆ ಸೂಲಗಿತ್ತಿಯರು ಅದು ಪೂರ್ತಿ ಬಂತಾ ಅಂತ ತಿರುಗಿಸಿ ನೋಡಿ, ಆಮೇಲೆ ಹಿತ್ತಿಲಲ್ಲಿ ಹೂಳಿಸುತ್ತಿದ್ದರು. ಈಗ ಆಸ್ಪತ್ರೆಯಲ್ಲಿ ಹಳದಿ ಚೀಲಕ್ಕೆ ಹೋಗುತ್ತದೆ. ಸುಮಾರು ಅರ್ಧ ಕೆ.ಜಿ. ತೂಕ, ಒಂದು ಊಟದ ತಟ್ಟೆಯಷ್ಟು ಅಗಲ. ಒಂಬತ್ತು ತಿಂಗಳು ಮಗುವಿಗೆ ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲವೂ ಅದೇ. ಅದಕ್ಕಿಂತ ದೊಡ್ಡ ಕೆಲಸವನ್ನು ಅದರ ಜೀವಕೋಶಗಳು ತಾಯಿಯ ಮೈಯೊಳಗೆ ಹೋಗಿ ಮಾಡುತ್ತವೆ. ತಾಯಿಯ ರಕ್ತನಾಳಗಳನ್ನೇ ಒಡೆದು ಹೊಸದಾಗಿ ಕಟ್ಟುತ್ತವೆ.

ಮಂಡ್ಯದವರಿಗೆ ಒಂದು ಅಂಕಿ ಬಾಯಿಪಾಠ: 124.80 ಅಡಿ. ಕೆಆರ್‌ಎಸ್ ತುಂಬಿದ ಮಟ್ಟ. ಆದರೆ ಕಟ್ಟೆ ತುಂಬಿದ ಮಾತ್ರಕ್ಕೆ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ಗದ್ದೆಗೆ ನೀರು ಬಂತು ಅಂತಲ್ಲ. ನಾಲೆ ಸರಿ ಇರಬೇಕು, ತೂಬು ಸರಿ ಇರಬೇಕು. ಬಸಿರಿನಲ್ಲೂ ಹಾಗೇ. ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಏರುತ್ತದೆ. ಕಟ್ಟೆ ತುಂಬುತ್ತದೆ. ಆದರೆ ಗರ್ಭಕೋಶದ ಒಳಗೋಡೆಗೆ ಬರುವ ಕೊನೆಯ ನಾಳಗಳು ಹುಟ್ಟಿನಿಂದಲೇ ಸಣ್ಣವು. ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುವುದರಿಂದ ಅವಕ್ಕೆ ಸುರುಳಿ ನಾಳ ಅಂತ ಹೆಸರು. ಅವುಗಳ ಸುತ್ತ ಮಾಂಸದ ಪದರ ಇರುತ್ತದೆ. ತಾಯಿಯ ನರಗಳು, ಹಾರ್ಮೋನುಗಳು ಹೇಳಿದಾಗ ಆ ಪದರ ಬಿಗಿಯಾಗಿ ನಾಳವನ್ನು ಮುಚ್ಚುತ್ತದೆ. ಮುಟ್ಟಿನ ಸಮಯದಲ್ಲಿ ರಕ್ತ ನಿಲ್ಲಿಸಲು ಅದು ಬೇಕೇ ಬೇಕು. ಆದರೆ ಮಗುವಿಗೆ ಒಂದು ಕ್ಷಣವೂ ಬಿಡದೆ ರಕ್ತ ಬೇಕು. ಬಸಿರಿಲ್ಲದಾಗ ಗರ್ಭಕೋಶಕ್ಕೆ ಹರಿಯುವ ರಕ್ತ ನಿಮಿಷಕ್ಕೆ 50 ಮಿ.ಲೀ. ಆಸುಪಾಸು. ದಿನ ತುಂಬುವ ಹೊತ್ತಿಗೆ ಅದು ಅರ್ಧ ಲೀಟರ್ ದಾಟುತ್ತದೆ, ಮುಕ್ಕಾಲು ಲೀಟರ್‌ವರೆಗೂ ಹೋಗುತ್ತದೆ. ಹಳೇ ತೂಬಿನಲ್ಲಿ ಇದು ಆಗದ ಮಾತು.

ತೂಬು ಅಗಲ ಮಾಡುವ ಕೋಶಗಳು

ಗರ್ಭ ನಿಂತ ಆರೇಳು ದಿನಕ್ಕೆ ಒಂದು ಪುಟ್ಟ ಉಂಡೆ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಉಂಡೆಯ ಹೊರ ಪದರದ ಕೋಶಗಳಿಗೆ ಟ್ರೋಫೋಬ್ಲಾಸ್ಟ್ ಅಂತ ಹೆಸರು. ಹುಬ್ರೆಕ್ಟ್ ಎಂಬ ಡಚ್ ವಿಜ್ಞಾನಿ 1889ರಲ್ಲಿ ಇಟ್ಟದ್ದು. ಮೂಲ ಗ್ರೀಕ್ ಪದಕ್ಕೆ ಪೋಷಣೆ ಅಂತ ಅರ್ಥ. ಈ ಕೋಶಗಳು ಮುಂದೆ ಎರಡು ದಾರಿ ಹಿಡಿಯುತ್ತವೆ. ಒಂದಿಷ್ಟು ಕೋಶಗಳು ಒಂದರೊಳಗೊಂದು ಬೆರೆತು ಮಾಸಿನ ಎಳೆಎಳೆಯನ್ನೂ ಹೊದಿಸುವ ಚರ್ಮ ಆಗುತ್ತವೆ. ತಾಯಿಯ ರಕ್ತದಲ್ಲಿ ನೆನೆಯುತ್ತಾ ಆಮ್ಲಜನಕ, ಸಕ್ಕರೆ ಹೀರಿಕೊಳ್ಳುವುದು ಈ ಚರ್ಮವೇ. ಎಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 12 ಚದರ ಮೀಟರ್, ಒಂದು ಕೋಣೆಯ ನೆಲದಷ್ಟು.

ಇನ್ನೊಂದಿಷ್ಟು ಕೋಶಗಳು ಮಾಸನ್ನು ಬಿಟ್ಟು ಹೊರಡುತ್ತವೆ. ತಾಯಿಯ ಗರ್ಭಕೋಶದ ಗೋಡೆಯನ್ನು ಕೊರೆಯುತ್ತಾ ಅದರ ಮಾಂಸದ ಒಳಗಿನ ಮೂರನೇ ಒಂದು ಭಾಗದವರೆಗೂ ಇಳಿಯುತ್ತವೆ. ಸುರುಳಿ ನಾಳ ಸಿಕ್ಕಿದ ಕಡೆ ಅದರ ಸುತ್ತ ಸೇರುತ್ತವೆ, ಕೆಲವು ಒಳಗೇ ನುಗ್ಗುತ್ತವೆ. ನಾಳದ ಮಾಂಸದ ಪದರ ಕರಗುತ್ತದೆ. ಒಳಗಿನ ಅಸ್ತರಿ ಕೋಶಗಳನ್ನು ಸರಿಸಿ ಇವೇ ಅಲ್ಲಿ ಕೂರುತ್ತವೆ. ತಾಯಿಯ ರಕ್ತನಾಳಕ್ಕೆ ಮಗುವಿನ ಕಡೆಯ ಕೋಶಗಳ ಅಸ್ತರಿ! ನನಗೆ ಇದನ್ನು ಮೊದಲ ಸಲ ಓದಿದಾಗ ನಂಬಲು ಕಷ್ಟ ಆಯಿತು. ಇದಾದ ಮೇಲೆ ಆ ನಾಳ ಬಿಗಿಯಲಾರದು. ಅದರ ಬಾಯಿ ಐದರಿಂದ ಹತ್ತು ಪಟ್ಟು ಅಗಲವಾಗಿ ಆಲಿಕೆಯ ಹಾಗೆ ತೆರೆದುಕೊಳ್ಳುತ್ತದೆ.

ಅಗಲವಾದರೆ ಜಾಸ್ತಿ ರಕ್ತ ಬರುತ್ತದೆ, ಅದು ಸರಿ. ಆದರೆ ಅಗಲವಾದಾಗ ರಕ್ತದ ವೇಗ ಕಡಿಮೆಯಾಗುವುದೂ ಅಷ್ಟೇ ಮುಖ್ಯ. ಗದ್ದೆಗೆ ನೀರು ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಣ್ಣ ತೂತಿನಿಂದ ರಭಸವಾಗಿ ನುಗ್ಗಿದ ನೀರು ಬದು ಕೊರೆಯುತ್ತದೆ, ಪೈರು ಕೀಳುತ್ತದೆ. ಅಗಲ ಬಾಯಿಂದ ನಿಧಾನಕ್ಕೆ ಬಂದ ನೀರು ಗದ್ದೆ ತುಂಬ ಹರಡುತ್ತದೆ. ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ: ಅಗಲವಾಗದ ನಾಳದಿಂದ ರಕ್ತ ಸೆಕೆಂಡಿಗೆ ಒಂದರಿಂದ ಎರಡು ಮೀಟರ್ ವೇಗದಲ್ಲಿ ಮಾಸಿನೊಳಗೆ ಚಿಮ್ಮುತ್ತದೆ. ಸರಿಯಾಗಿ ಅಗಲವಾದರೆ ಸೆಕೆಂಡಿಗೆ 10 ಸೆಂ.ಮೀ. ಆಸುಪಾಸಿನಲ್ಲಿ ಹರಿಯುತ್ತದೆ. ಮೊದಲನೆಯದು ಮಾಸಿನ ಎಳೆಗಳನ್ನು ಹೊಡೆದು ಗಾಯ ಮಾಡುತ್ತದೆ. ಒಮ್ಮೆ ಬಂದು ಒಮ್ಮೆ ನಿಲ್ಲುವ ಆ ರಕ್ತದಿಂದ ಆಮ್ಲಜನಕವೂ ಏರುಪೇರಾಗುತ್ತದೆ.

ಇನ್ನೂ ಒಂದು ಸಂಗತಿ ಇದೆ. ಮೊದಲ ಹತ್ತು ವಾರ ಇದೇ ಕೋಶಗಳು ಸುರುಳಿ ನಾಳಗಳ ಬಾಯಿಗೆ ಬಿರಡೆ ಹಾಕಿದ ಹಾಗೆ ಅಡ್ಡ ನಿಲ್ಲುತ್ತವೆ. ಆಗ ಭ್ರೂಣಕ್ಕೆ ತಾಯಿಯ ರಕ್ತ ನೇರವಾಗಿ ಸಿಗುವುದು ತೀರಾ ಕಡಿಮೆ. ಗರ್ಭಕೋಶದ ಗ್ರಂಥಿಗಳ ರಸ ಕುಡಿದೇ ಬೆಳೆಯುತ್ತದೆ. ಅಷ್ಟು ಎಳೆಯ ಅಂಗಾಂಶಕ್ಕೆ ಜಾಸ್ತಿ ಆಮ್ಲಜನಕವೂ ಕೆಟ್ಟದ್ದೇ. ಒಟ್ಲು ಪಾತಿಗೆ ನಾಲೆ ನೀರು ಪೂರ್ತಿ ಬಿಟ್ಟರೆ ಸಸಿ ಉಳಿಯುತ್ತದಾ? ಹಾಗೇ ಇದು. 10ರಿಂದ 12 ವಾರದ ನಡುವೆ ಬಿರಡೆ ಬಿಡುತ್ತದೆ. ಮಾಸಿನೊಳಗಿನ ಆಮ್ಲಜನಕದ ಮಟ್ಟ ಕೆಲವೇ ವಾರದಲ್ಲಿ ಎರಡು ಮೂರು ಪಟ್ಟು ಏರುತ್ತದೆ. ನಾಳ ಅಗಲ ಮಾಡುವ ಕೆಲಸ ನಾಲ್ಕೈದು ತಿಂಗಳ ಹೊತ್ತಿಗೆ ಹೆಚ್ಚೂಕಡಿಮೆ ಮುಗಿಯುತ್ತದೆ.

ತಾಯಿಯ ಮೈ ಇದನ್ನೆಲ್ಲ ಹೇಗೆ ಒಪ್ಪುತ್ತದೆ? ಈ ಕೋಶಗಳಲ್ಲಿ ಅರ್ಧ ತಂದೆಯ ಗುಣ. ಅಂದರೆ ಪರರವು. ಗರ್ಭಕೋಶದ ಒಳಗೋಡೆಯಲ್ಲಿ ಆ ಸಮಯದಲ್ಲಿ ಬಿಳಿ ರಕ್ತಕಣಗಳ ದಂಡೇ ಇರುತ್ತದೆ. ಅವುಗಳಲ್ಲಿ ಬಹುಪಾಲು 'ಕೊಲೆಗಾರ ಕೋಶ' ಅಂತ ಹೆಸರು ಪಡೆದ ಜಾತಿಯವು. ಆದರೆ ಇಲ್ಲಿ ಅವು ಕೊಲ್ಲುವುದಿಲ್ಲ. ನಾಳ ಬೆಳೆಯಲು ಬೇಕಾದ ರಸಗಳನ್ನು ತಾವೂ ಸುರಿಸುತ್ತವೆ, ಟ್ರೋಫೋಬ್ಲಾಸ್ಟ್‌ಗಳ ಜೊತೆ ಮಾತುಕತೆ ನಡೆಸಿ ಎಷ್ಟು ಆಳಕ್ಕೆ ಇಳಿಯಬೇಕು ಅಂತ ಗೊತ್ತುಮಾಡುತ್ತವೆ. ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ಈ ಮಾತುಕತೆಯನ್ನೇ ವರ್ಷಾನುಗಟ್ಟಲೆ ಅಧ್ಯಯನ ಮಾಡಿದವರು. 2018ರಲ್ಲಿ ಅವರೂ ಇದ್ದ ತಂಡ ಎಳೆ ಬಸಿರಿನ ಸುಮಾರು 70,000 ಕೋಶಗಳನ್ನು ಒಂದೊಂದಾಗಿ ಓದಿ, ಯಾವ ಕೋಶ ಯಾವುದಕ್ಕೆ ಏನು ಸಂದೇಶ ಕಳಿಸುತ್ತದೆ ಅಂತ ನಕ್ಷೆ ಮಾಡಿತು. ಮಾತುಕತೆ ತಪ್ಪಿದರೆ ಎರಡು ಕಡೆಯೂ ಅಪಾಯ. ಕಡಿಮೆ ಇಳಿದರೆ ತೂಬು ತೆರೆಯುವುದಿಲ್ಲ. ಜಾಸ್ತಿ ಇಳಿದರೆ ಮಾಸು ಗರ್ಭಕೋಶಕ್ಕೇ ಬೆಸೆದುಕೊಂಡು ಹೆರಿಗೆಯಲ್ಲಿ ಬಿಡಿಸಲು ಬರುವುದಿಲ್ಲ. ಹಿಂದೆ ಸಿಸೇರಿಯನ್ ಆದ ಗಾಯದ ಜಾಗದಲ್ಲಿ ಇದು ಜಾಸ್ತಿ.

ನಂಜು ಅನ್ನುವ ಹಳೇ ಮಾತು

ತೂಬು ಅರ್ಧ ತೆರೆದ ಬಸಿರಿನಲ್ಲಿ ಮೊದಲು ಏನೂ ಗೊತ್ತಾಗುವುದಿಲ್ಲ. ಮಗು ಸಣ್ಣದು, ಬೇಡಿಕೆ ಕಡಿಮೆ. ಏಳನೇ ತಿಂಗಳ ಹೊತ್ತಿಗೆ ಬೇಡಿಕೆ ಏರುತ್ತದೆ, ಗಾಯಗೊಂಡ ಮಾಸು ಸೋಲುತ್ತದೆ. ಆಗ ತಾಯಿಯ ಬಿಪಿ 140/90 ದಾಟುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ಪ್ರೀಎಕ್ಲಾಂಪ್ಸಿಯಾ ಅಂತ ಈಗಿನ ಹೆಸರು. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಹಿಂದೆ ಡಾಕ್ಟರುಗಳು ಟಾಕ್ಸೀಮಿಯಾ ಅನ್ನುತ್ತಿದ್ದರು, ಕನ್ನಡದಲ್ಲಿ ಗರ್ಭನಂಜು. ಎಲ್ಲಿಂದಲೋ ಒಂದು ವಿಷ ರಕ್ತಕ್ಕೆ ಸೇರುತ್ತಿದೆ ಅನ್ನುವ ಅನುಮಾನ. ವಿಷ ಯಾವುದು ಅಂತ ಮಾತ್ರ ಸಿಗಲಿಲ್ಲ. ಕೊನೆಗೆ ಆ ಹೆಸರನ್ನೇ ಬಿಟ್ಟರು.

2003ರಲ್ಲಿ ಬಾಸ್ಟನ್‌ನ ಮೂತ್ರಪಿಂಡ ತಜ್ಞ ಅನಂತ್ ಕರುಮಾಂಚಿ ಅವರ ತಂಡ ಒಂದು ವಸ್ತುವನ್ನು ತೋರಿಸಿತು. ಹೆಸರು ಎಸ್‌-ಫ್ಲಿಟ್-1. ಮಾಸಿನ ಚರ್ಮದ ಕೋಶಗಳೇ ಇದನ್ನು ತಯಾರಿಸುತ್ತವೆ, ಗಾಯಗೊಂಡ ಮಾಸಿನಲ್ಲಿ ಜಾಸ್ತಿ. ಇದು ಕೆಲಸ ಮಾಡುವ ರೀತಿ ಸರಳ. ರಕ್ತನಾಳಗಳು ಬೆಳೆಯಲು, ಇರುವ ನಾಳಗಳ ಅಸ್ತರಿ ಗಟ್ಟಿಯಾಗಿ ಉಳಿಯಲು ನಮ್ಮೆಲ್ಲರ ಮೈಯಲ್ಲೂ ವಿಇಜಿಎಫ್ ಅನ್ನುವ ಪ್ರೋಟೀನ್ ಬೇಕು. ಅದರ ತಂಗಿಯ ಹಾಗೆ ಇನ್ನೊಂದು, ಪಿಎಲ್‌ಜಿಎಫ್. ಇದು ಮುಖ್ಯವಾಗಿ ಮಾಸಿನಲ್ಲೇ ಹುಟ್ಟುತ್ತದೆ. ಇವು ನಾಳದ ಗೋಡೆಯ ಮೇಲಿನ ಒಂದು ಬೀಗಕ್ಕೆ ಕೀಲಿಯ ಹಾಗೆ ಕೂತರೆ ಮಾತ್ರ ಕೆಲಸ. ಎಸ್‌-ಫ್ಲಿಟ್ ಅಂದರೆ ಗೋಡೆಯಿಂದ ಕಳಚಿ ರಕ್ತದಲ್ಲಿ ತೇಲುವ ಬೀಗ. ಸಿಕ್ಕ ಕೀಲಿಗಳನ್ನೆಲ್ಲ ಅದೇ ಹಿಡಿದುಕೊಂಡು ಬಿಡುತ್ತದೆ. ಗೋಡೆಗೆ ಕೀಲಿ ತಲುಪುವುದಿಲ್ಲ.

ಆಮೇಲಿನದೆಲ್ಲ ಅದರ ಫಲ. ನಾಳದ ಅಸ್ತರಿ ಹದಗೆಡುತ್ತದೆ, ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಮೂತ್ರಪಿಂಡದ ಜರಡಿ ಊದಿ ಪ್ರೋಟೀನ್ ಸೋರುತ್ತದೆ, ಮೈ ಊದುತ್ತದೆ. ಲಿವರ್ ಊದಿದರೆ ಬಲಗಡೆ ಪಕ್ಕೆಯ ಕೆಳಗೆ ನೋವು. ಮೆದುಳಿಗೆ ತಟ್ಟಿದರೆ ತಲೆನೋವು, ಕಣ್ಣಿಗೆ ಮಿಂಚು, ಕೊನೆಗೆ ಫಿಟ್ಸ್. ಕರುಮಾಂಚಿ ತಂಡ ಎಸ್‌-ಫ್ಲಿಟ್ ಅನ್ನು ಗಬ್ಬದ ಇಲಿಗಳಲ್ಲಿ ಹೆಚ್ಚಿಸಿದಾಗ ಅವಕ್ಕೂ ಬಿಪಿ ಏರಿತು, ಪ್ರೋಟೀನ್ ಸೋರಿತು. ಕ್ಯಾನ್ಸರ್ ಗಡ್ಡೆಯ ರಕ್ತನಾಳ ಬೆಳೆಯದಂತೆ ವಿಇಜಿಎಫ್ ತಡೆಯುವ ಔಷಧಿ ಕೊಟ್ಟ ರೋಗಿಗಳಲ್ಲೂ ಇದೇ ಎರಡು ಲಕ್ಷಣ ಕಂಡಿದ್ದವು. ನಂಜು ಅಂದ ಹಿಂದಿನವರ ಅಂದಾಜು ಪೂರ್ತಿ ಸುಳ್ಳಾಗಿರಲಿಲ್ಲ, ಅಲ್ವಾ? ವಸ್ತು ಇತ್ತು. ಮಾಸು ಹೊರಬಂದ ಮೇಲೆ ಅದು ರಕ್ತದಲ್ಲಿ ಬೇಗ ಇಳಿಯುತ್ತದೆ. ಅದಕ್ಕೇ ಇವತ್ತಿಗೂ ಈ ಕಾಯಿಲೆಗೆ ಕೊನೆಯ ಮದ್ದು ಹೆರಿಗೆಯೇ.

ಇದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರೀಎಕ್ಲಾಂಪ್ಸಿಯಾದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 46,000 ತಾಯಂದಿರು, ಸುಮಾರು 5 ಲಕ್ಷ ಶಿಶುಗಳು ಸಾಯುತ್ತಾರೆ. ಕರ್ನಾಟಕದಲ್ಲಿ 2018-20ರಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 69 ತಾಯಂದಿರು ಸತ್ತರು. ಎಲ್ಲ ಕಾರಣಗಳೂ ಸೇರಿದ ಅಂಕಿ ಇದು. ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಪಕ್ಕದ ರಾಜ್ಯಗಳಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗಬಾರದು ಅಂತ ಕೇಳುವ ಹಕ್ಕು ನಮಗಿದೆ.

ಮೂರು ತಿಂಗಳ ಗುಟ್ಟು

ನಮ್ಮ ಕಡೆ ಒಂದು ಪದ್ಧತಿ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳುವುದಿಲ್ಲ. ಎಲ್ಲಿ ನಿಲ್ಲದೆ ಹೋಗುತ್ತದೋ ಅನ್ನುವ ಭಯ. ಆ ಭಯ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಗುಟ್ಟನ್ನು ಡಾಕ್ಟರ್, ನರ್ಸ್, ಆಶಾ ಕಾರ್ಯಕರ್ತೆಗೂ ಬಿಟ್ಟುಕೊಡುವುದಿಲ್ಲ. ನಮ್ಮ ಹುಡುಗಿ ಮೊದಲ ಸಲ ತೋರಿಸಿಕೊಂಡದ್ದು ಐದನೇ ತಿಂಗಳಲ್ಲಿ. ಹೋದ ಕಡೆ ತೂಕ ನೋಡಿದರು, ಕಬ್ಬಿಣದ ಮಾತ್ರೆ ಕೊಟ್ಟರು. ಬಿಪಿ ನೋಡಲಿಲ್ಲ. ನಾಳ ಅಗಲವಾಗುವ ಕೆಲಸ ಆಗಲೇ ಮುಗಿಯುತ್ತಾ ಬಂದಿತ್ತು.

ಈ ಕಾಯಿಲೆ ತಡೆಯಲು ಇರುವ ಅತಿ ಒಳ್ಳೆಯ ಮದ್ದು ಆಸ್ಪಿರಿನ್. ಹೌದು, ಅದೇ ಹಳೇ ಆಸ್ಪಿರಿನ್, ಕಡಿಮೆ ಪ್ರಮಾಣದಲ್ಲಿ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಜಾಸ್ತಿ ಇದ್ದ ಹೆಂಗಸರಿಗೆ 11ರಿಂದ 14ನೇ ವಾರದ ನಡುವೆ ಶುರು ಮಾಡಿ 36ನೇ ವಾರದವರೆಗೆ ರಾತ್ರಿ ಹೊತ್ತು 150 ಮಿ.ಗ್ರಾಂ. ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ, ಮದ್ದಿಲ್ಲದ ಬರೀ ಗುಳಿಗೆ ನುಂಗಿದವರಲ್ಲಿ ಶೇ 4.3 ಇತ್ತು. ಆಸ್ಪಿರಿನ್ ನುಂಗಿದವರಲ್ಲಿ ಶೇ 1.6. ಆದರೆ 16ನೇ ವಾರ ದಾಟಿದ ಮೇಲೆ ಶುರು ಮಾಡಿದರೆ ಇಷ್ಟು ಲಾಭ ಸಿಗುವುದಿಲ್ಲ. ತೂಬು ಕಟ್ಟುವ ಸಮಯದಲ್ಲೇ ಕೊಡಬೇಕು. ಇದನ್ನು ಓದಿ ಯಾರೂ ತಾವಾಗಿಯೇ ಆಸ್ಪಿರಿನ್ ನುಂಗಬೇಡಿ. ಯಾರಿಗೆ ಬೇಕು, ಎಷ್ಟು ಬೇಕು ಅಂತ ಡಾಕ್ಟರ್ ಹೇಳಬೇಕು. ಹಿಂದಿನ ಬಸಿರಿನಲ್ಲಿ ಬಿಪಿ ಬಂದವರು, ಮೊದಲಿಂದ ಬಿಪಿ, ಸಕ್ಕರೆ, ಮೂತ್ರಪಿಂಡದ ತೊಂದರೆ ಇರುವವರು, ಅವಳಿ ಇರುವವರು ಮೊದಲ ಸಾಲಿನಲ್ಲಿ ಬರುತ್ತಾರೆ. ಮೊದಲ ಬಸಿರು, 35 ದಾಟಿದ ವಯಸ್ಸು, ಜಾಸ್ತಿ ತೂಕ, ತಾಯಿಗೋ ಅಕ್ಕತಂಗಿಯರಿಗೋ ಹೀಗೆ ಆಗಿರುವುದು, ಇವುಗಳಲ್ಲಿ ಎರಡು ಮೂರು ಸೇರಿದರೂ ಯೋಚಿಸಬೇಕು.

ಎಸ್‌-ಫ್ಲಿಟ್ ಮತ್ತು ಪಿಎಲ್‌ಜಿಎಫ್ ಅಳೆಯುವ ರಕ್ತಪರೀಕ್ಷೆಯೂ ಬಂದಿದೆ. ಎರಡರ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಪ್ರೀಎಕ್ಲಾಂಪ್ಸಿಯಾ ಬರುವುದಿಲ್ಲ ಅಂತ ಹೆಚ್ಚೂಕಡಿಮೆ ಖಾತರಿಯಾಗಿ ಹೇಳಬಹುದು ಅಂತ 2016ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಅಮೆರಿಕ 2023ರಲ್ಲಿ ಇಂಥ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ನಾಗಮಂಗಲದ, ಎಚ್.ಡಿ. ಕೋಟೆಯ ಪ್ರತಿ ಬಸುರಿಗೂ ಆ ಪರೀಕ್ಷೆ ಸಿಗುವವರೆಗೆ ಕಾಯಬೇಕಾಗಿಲ್ಲ. 12 ವಾರದೊಳಗೆ ಒಂದು ಸಲ ಸರಿಯಾಗಿ ಬಿಪಿ ನೋಡುವುದು, ಮೇಲೆ ಹೇಳಿದ ಪ್ರಶ್ನೆಗಳನ್ನು ಕೇಳುವುದು, ಬೇಕಾದವರಿಗೆ ಆಸ್ಪಿರಿನ್ ಬರೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುವ ಕೆಲಸ. ಕ್ಯಾಲ್ಸಿಯಂ ಮಾತ್ರೆಯೂ ಹಾಗೇ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಅದು ಈ ಕಾಯಿಲೆಯನ್ನು ತಗ್ಗಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಚೊಚ್ಚಲ ಬಸಿರಿನ 11,000 ಹೆಂಗಸರ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅಷ್ಟೇ ಜನರ ಮೇಲೆ ಟಾಂಜಾನಿಯಾದಲ್ಲೂ ನಡೆಯಿತು. ಪ್ರೀಎಕ್ಲಾಂಪ್ಸಿಯಾ ತಡೆಯುವಲ್ಲಿ ದಿನಕ್ಕೆ 500 ಮಿ.ಗ್ರಾಂ. ಕ್ಯಾಲ್ಸಿಯಂ 1,500 ಮಿ.ಗ್ರಾಂಗೆ ಕಡಿಮೆ ಇಲ್ಲ ಅಂತ ಎರಡೂ ಕಡೆ ಕಂಡಿತು. ದಿನಕ್ಕೆ ಮೂರು ಮಾತ್ರೆ ನುಂಗಲಾರದೆ ಬಿಟ್ಟುಬಿಡುವವರಿಗೆ ಇದು ದೊಡ್ಡ ಸುದ್ದಿ. ನಮ್ಮ ರಾಗಿ ಮುದ್ದೆಯಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಬಸಿರಿನಲ್ಲಿ ಅದನ್ನೇ ನಂಬಿ ಮಾತ್ರೆ ಬಿಡಬಾರದು.

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಗರ್ಭಕೋಶಕ್ಕೆ ಹೋಗುವ ರಕ್ತ ಸರಾಗವಾಗಿ ಹರಿಯುತ್ತಿದೆಯಾ, ತಡೆ ಇದೆಯಾ ಅಂತ ಕಾಣುತ್ತದೆ. ತೂಬು ತೆರೆದಿದೆಯಾ ಅಂತ ಹೊರಗಿಂದಲೇ ನೋಡಿದ ಹಾಗೆ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ತಾಯಿಯ ಜೀವ ಉಳಿಸಬಲ್ಲ ಯಂತ್ರವನ್ನು ನಮ್ಮ ಜಿಲ್ಲೆಯಲ್ಲಿ ಯಾವುದಕ್ಕೆ ಬಳಸಿದರು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾಯಿಲೆ ಬಂದೇಬಿಟ್ಟರೂ ಕೈಚೆಲ್ಲಬೇಕಾಗಿಲ್ಲ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇದೆ, ಬೆಲೆಯೂ ಕಡಿಮೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ ಅದು ಎಕ್ಲಾಂಪ್ಸಿಯಾ ಅಪಾಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ನಮ್ಮ ಹುಡುಗಿಗೂ ಆ ರಾತ್ರಿ ಕೊಟ್ಟದ್ದು ಅದನ್ನೇ.

ಮಂಡಿ ಮೊಹಲ್ಲಾದ ಹಳೇ ದಾಖಲೆಗಳು

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವು ಮಿಷನ್ ಆಸ್ಪತ್ರೆ ಅನ್ನುವುದು, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟುಕೊಂಡು ಬಂದಿತ್ತು. ಭಾರತದಲ್ಲಿ ಇಂಥ ದಾಖಲೆ ಅಪರೂಪ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಮುಂದೆಯೂ ಆಸುಪಾಸಿನಲ್ಲೇ ಇದ್ದ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಜನರಿಗೆ ಹೃದಯದ ಕಾಯಿಲೆ. 3.1 ಕೆ.ಜಿ. ದಾಟಿದ್ದವರಲ್ಲಿ ಶೇ 3. ತೂಕ ಕಡಿಮೆಯಾಗಲು ಕಾರಣ ಹಲವು, ತಾಯಿಯ ಊಟವೂ ಸೇರಿದಂತೆ. ಎಲ್ಲವನ್ನೂ ಮಾಸಿನ ಮೇಲೆ ಹಾಕಲಾಗದು. ಆದರೆ ಗರ್ಭದಲ್ಲಿ ಮಗುವಿಗೆ ಎಷ್ಟು ದಕ್ಕಿತು ಅನ್ನುವುದು ಐವತ್ತು ವರ್ಷದ ನಂತರದ ಹೃದಯದಲ್ಲೂ ಕಾಣುತ್ತದೆ ಅಂತ ಮೈಸೂರಿನವರ ಮೈಯೇ ಸಾಕ್ಷಿ ಹೇಳಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸ ಅಧ್ಯಯನ ಶುರುವಾದಾಗ ಮಕ್ಕಳ ಜೊತೆ ಮಾಸನ್ನೂ ಅಳೆದರು.

ತಾಯಿಯ ಕಡೆಯೂ ಹಾಗೇ. ಪ್ರೀಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು, ಬಿಪಿ ಬರುವ ಸಾಧ್ಯತೆ ಮೂರೂವರೆ ಪಟ್ಟಿಗೂ ಜಾಸ್ತಿ. ಹೆರಿಗೆ ಆಯಿತು, ಬಿಪಿ ಇಳಿಯಿತು, ಮುಗಿಯಿತು ಅಂತ ತಾಯಿ ಕಾರ್ಡನ್ನು ಎಸೆಯುವವರೇ ಜಾಸ್ತಿ. ಹತ್ತು ವರ್ಷದ ನಂತರ ಬೇರೆ ಡಾಕ್ಟರಿಗೆ ಆ ಕಾರ್ಡಿನ ಒಂದು ಸಾಲು ತುಂಬ ಹೇಳುತ್ತದೆ. ಬಾಣಂತನದ ಆರು ವಾರ ಬಿಪಿ ನೋಡಿಸಬೇಕು, ಯಾಕೆಂದರೆ ಫಿಟ್ಸ್ ಹೆರಿಗೆ ಆದಮೇಲೂ ಬರಬಹುದು. ಆಮೇಲೆ ವರ್ಷಕ್ಕೊಂದು ಸಲವಾದರೂ.

ನಮ್ಮ ಹುಡುಗಿ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಮಗನಿಗೆ ಈಗ ನಾಲ್ಕು ವರ್ಷ. ಅವಳು ಮತ್ತೆ ಬಸುರಿ, ಒಂಬತ್ತನೇ ವಾರ. ಮುಟ್ಟು ನಿಂತ ಮೂರನೇ ವಾರಕ್ಕೇ ಹಳೇ ಕಾರ್ಡ್ ಹಿಡಿದು ನರ್ಸ್ ಹತ್ತಿರ ಹೋಗಿ ಬಂದಳು. ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ್ ನೋಡುವ ದಿನ, ಅವತ್ತು ಹೋಗಬೇಕು. 12ನೇ ವಾರಕ್ಕೆ ಆಸ್ಪಿರಿನ್ ಶುರು ಮಾಡುತ್ತೇವೆ ಅಂದಿದ್ದಾರೆ. ಊರಿನವರಿಗೆ, ನೆಂಟರಿಗೆ ಇನ್ನೂ ಹೇಳಿಲ್ಲ. ಮೂರು ತಿಂಗಳು ತುಂಬಲಿ ಅಂತ ಚಿಕ್ಕಮ್ಮ ಕಾಯುತ್ತಿದ್ದಾರೆ.